ವಿದ್ಯುತ್ ಗದ್ದಲದ ಕೈಗಾರಿಕಾ ಪರಿಸರದಲ್ಲಿ ಸಂವೇದಕ ಸಂವಹನ ಪ್ರೋಟೊಕಾಲ್‌ಗಳು

ಸಂವೇದಕ ಸಂವಹನ ಪ್ರೋಟೊಕಾಲ್ ಎಂಬುದು ನೀರಿನ ಮಟ್ಟ, ಒತ್ತಡ, ಉಷ್ಣತೆ, ಹರಿವು, ತೇವಾಂಶ ಮೊದಲಾದವನ್ನು ಅಳೆಯುವ ಸಂವೇದಕವು ತನ್ನ ಅಳತೆಯನ್ನು ನಿಯಂತ್ರಕಕ್ಕೆ ತಲುಪಿಸುವಾಗ ಎರಡೂ ಕಡೆಯ ಉಪಕರಣಗಳು ಪಾಲಿಸುವ ನಿಯಮಗಳ ಕಟ್ಟು. ತಂತಿಯಲ್ಲಿ ಹರಿಯುವ ಕರೆಂಟು ಅಥವಾ ವೋಲ್ಟೇಜಿನ ಪ್ರಮಾಣ, ದತ್ತಾಂಶದ ವೇಗ, ಸಂದೇಶದ ಚೌಕಟ್ಟು, ತಪ್ಪನ್ನು ಪತ್ತೆಹಚ್ಚುವ ಕ್ರಮ ಇವೆಲ್ಲ ಅದರಲ್ಲಿ ಅಡಕವಾಗಿವೆ. ದೊಡ್ಡ ಮೋಟಾರು, ಕಂಟ್ಯಾಕ್ಟರು, ವೆಲ್ಡಿಂಗ್ ಯಂತ್ರ, ವೇಗ ನಿಯಂತ್ರಕ ಡ್ರೈವ್‌ಗಳಿರುವ ಕಡೆ ಸಂಕೇತದ ತಂತಿಗೆ ಬೇಡದ ವಿದ್ಯುತ್ತೂ ಸೇರಿಕೊಳ್ಳುತ್ತದೆ. ಅದಕ್ಕೆ ಇಲ್ಲಿ ವಿದ್ಯುತ್ ಗದ್ದಲ ಎಂಬ ಹೆಸರನ್ನು ಬಳಸಿದೆ. ಗದ್ದಲವಿರುವ ನೆಲೆಯಲ್ಲಿ ಯಾವ ಪ್ರೋಟೊಕಾಲ್ ನಂಬಿಕೆಗೆ ಅರ್ಹ ಎಂಬುದೇ ಈ ಲೇಖನದ ವಿಷಯ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಬಳಕೆಯ ಸಂದರ್ಭಗಳನ್ನು ಉದಾಹರಣೆಗೆ ತೆಗೆದುಕೊಂಡಿದೆ.

ಬಳಕೆಯ ನೆಲೆ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹರಿಹರದಂತೆ ದೊಡ್ಡ ಕಾರ್ಖಾನೆಗಳನ್ನು ಕಂಡ ಊರುಗಳಲ್ಲ ಇವು. ಇಲ್ಲಿನ ಭಾರಿ ವಿದ್ಯುತ್ ಯಂತ್ರಗಳು ಹೆಚ್ಚಾಗಿ ನೀರೆತ್ತುವ ಮತ್ತು ಫಸಲು ಸಂಸ್ಕರಿಸುವ ಕೆಲಸದವು. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ನೀರು ತುಂಬಿಸುವ ಯೋಜನೆಗೆ ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಲಾಗುತ್ತದೆ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಏತ ನೀರಾವರಿಯೂ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಏತ ನೀರಾವರಿಯೂ ಇದೇ ಬಗೆಯವು. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರದಿಂದ ಚಿತ್ರದುರ್ಗದವರೆಗೆ ಕುಡಿಯುವ ನೀರು ಹೋಗುತ್ತದೆ. ಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಅಕ್ಕಿ ಗಿರಣಿಗಳಿವೆ, ಚನ್ನಗಿರಿ ಸೀಮೆಯ ಅಡಿಕೆಗೆ ಸುಲಿಯುವ ಮತ್ತು ಒಣಗಿಸುವ ಯಂತ್ರಗಳಿವೆ, ಜಗಳೂರಿನ ಬಯಲಿನಲ್ಲಿ ಆಳದ ಕೊಳವೆಬಾವಿಗಳಿವೆ.

ಈ ಕೆಲಸಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ. ಅಳೆಯಬೇಕಾದ ಸಂಗತಿ ನಿಧಾನವಾಗಿ ಬದಲಾಗುತ್ತದೆ. ಕೆರೆಯ ಮಟ್ಟ ಗಂಟೆಗಳಲ್ಲಿ, ಮೋಟಾರಿನ ವೈಂಡಿಂಗ್ ಉಷ್ಣತೆ ನಿಮಿಷಗಳಲ್ಲಿ, ಡ್ರೈಯರಿನಲ್ಲಿರುವ ಭತ್ತದ ತೇವಾಂಶ ಇನ್ನೂ ನಿಧಾನವಾಗಿ ಏರಿಳಿಯುತ್ತದೆ. ಆದರೆ ಅವನ್ನು ಅಳೆಯುವ ತಂತಿಯ ಪಕ್ಕದಲ್ಲೇ ನೂರಾರು ಆಂಪಿಯರ್ ಕರೆಂಟು ಹರಿಯುತ್ತಿರುತ್ತದೆ. ವೇಗ ಬೇಕಿಲ್ಲದಿರುವುದೇ ಇಲ್ಲಿ ಆಯ್ಕೆ ಮಾಡುವವರಿಗಿರುವ ದೊಡ್ಡ ಅನುಕೂಲ.

ಉಗಮ

ವಿದ್ಯುತ್ ಸಂಕೇತಗಳಿಗಿಂತ ಮೊದಲು ಕಾರ್ಖಾನೆಗಳಲ್ಲಿ ಅಳತೆಯನ್ನು ಗಾಳಿಯ ಒತ್ತಡದ ಮೂಲಕ ಸಾಗಿಸುತ್ತಿದ್ದರು. ಚದರ ಅಂಗುಲಕ್ಕೆ 3 ಪೌಂಡ್ ಒತ್ತಡವೆಂದರೆ ಸೊನ್ನೆ, 15 ಪೌಂಡ್ ಎಂದರೆ ಪೂರ್ಣ ಅಳತೆ. ಕೆಳಗಿನ ತುದಿ ಸೊನ್ನೆಯಲ್ಲದ ಕಾರಣ ಕೊಳವೆ ಒಡೆದರೆ ತಕ್ಷಣ ತಿಳಿಯುತ್ತಿತ್ತು. ಟ್ರಾನ್ಸಿಸ್ಟರ್ ಉಪಕರಣಗಳು ಬಂದ ಮೇಲೆ ಇದೇ ಯೋಚನೆ 4ರಿಂದ 20 ಮಿಲಿಆಂಪಿಯರ್ ಕರೆಂಟ್ ಲೂಪ್ ಆಗಿ ಮುಂದುವರಿಯಿತು. ಅಮೆರಿಕದ ಉಪಕರಣ ತಜ್ಞರ ಸಂಘ ಐಎಸ್‌ಎ ಅದನ್ನು ಮಾನಕವಾಗಿ ನಿಗದಿಪಡಿಸಿತು.

ಅಂಕೀಯ ಸಂವಹನದ ಮೊದಲ ವ್ಯಾಪಕ ಮಾನಕ ಆರ್‌ಎಸ್-232, 1960ರ ದಶಕದ್ದು. ಅದು ಟೆಲಿಫೋನ್ ಮೋಡೆಮ್‌ಗಾಗಿ ಹುಟ್ಟಿದ್ದು, ಕಾರ್ಖಾನೆಗಾಗಿ ಅಲ್ಲ. ಪ್ರೋಗ್ರಾಮಬಲ್ ನಿಯಂತ್ರಕಗಳನ್ನು ತಯಾರಿಸುತ್ತಿದ್ದ ಮೋಡಿಕಾನ್ ಕಂಪನಿ 1979ರಲ್ಲಿ ಮೋಡ್‌ಬಸ್ ಪ್ರೋಟೊಕಾಲನ್ನು ಪ್ರಕಟಿಸಿತು. 1983ರಲ್ಲಿ ಬಂದ ಆರ್‌ಎಸ್-485 ವಿದ್ಯುತ್ ಮಾನಕ ಅದಕ್ಕೆ ಗಟ್ಟಿಯಾದ ತಂತಿಯನ್ನು ಒದಗಿಸಿತು. ಜರ್ಮನಿಯ ಬಾಷ್ ಕಂಪನಿ ವಾಹನಗಳಿಗಾಗಿ ರೂಪಿಸಿದ ಕ್ಯಾನ್ ಬಸ್ 1986ರಲ್ಲಿ ಬೆಳಕಿಗೆ ಬಂತು. 1987ರಲ್ಲಿ ಅದೇ ದೇಶದಲ್ಲಿ ಪ್ರೊಫಿಬಸ್ ಯೋಜನೆ ಆರಂಭವಾಯಿತು.

ಗದ್ದಲದ ಮೂಲ ಮತ್ತು ದಾರಿ

ಸ್ಟಾರ್ಟರಿನ ಕಂಟ್ಯಾಕ್ಟರ್ ಬಿಟ್ಟುಕೊಳ್ಳುವಾಗ ಅದರ ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ಕಿಡಿಯಾಗಿ ಹೊರಬರುತ್ತದೆ. ಆ ಸಿಡಿತ ಮೈಕ್ರೊಸೆಕೆಂಡುಗಳದ್ದು, ಆದರೆ ವೋಲ್ಟೇಜು ಸಾವಿರವನ್ನು ದಾಟಬಲ್ಲದು. ಇಂಡಕ್ಷನ್ ಮೋಟಾರನ್ನು ನೇರವಾಗಿ ಲೈನಿಗೆ ಕೊಟ್ಟು ಚಾಲೂ ಮಾಡಿದರೆ ಅದು ಪೂರ್ಣ ಹೊರೆಯ ಕರೆಂಟಿನ ಸುಮಾರು ಆರು ಪಟ್ಟನ್ನು ಎಳೆಯುತ್ತದೆ. ಹಳ್ಳಿಗಳಿಗೆ ತ್ರೀ ಫೇಸ್ ಪಾಳಿಯಲ್ಲಿ ಬರುವ ಹೊತ್ತಿಗೆ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದುಕೊಳ್ಳುತ್ತವೆ. ಅದೇ ಫೀಡರಿನಲ್ಲಿರುವ ಅಳತೆ ಉಪಕರಣಕ್ಕೆ ದಿನದ ಅತಿ ಕೆಟ್ಟ ಗಳಿಗೆ ಅದು.

ಇಂದಿನ ಮುಖ್ಯ ಗದ್ದಲಗಾರ ವಿಎಫ್‌ಡಿ, ಅಂದರೆ ಆವರ್ತನ ಬದಲಿಸಿ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವ್. ಅದರೊಳಗಿನ ಅರೆವಾಹಕ ಸ್ವಿಚ್ಚುಗಳು ಸೆಕೆಂಡಿಗೆ ಹಲವು ಸಾವಿರ ಸಲ ಆನ್-ಆಫ್ ಆಗುತ್ತವೆ. ಪ್ರತಿ ಸಲವೂ ವೋಲ್ಟೇಜು ಮೈಕ್ರೊಸೆಕೆಂಡಿಗೆ ಸಾವಿರಾರು ವೋಲ್ಟಿನ ವೇಗದಲ್ಲಿ ಜಿಗಿಯುವುದರಿಂದ ಗದ್ದಲ ಮೆಗಾಹರ್ಟ್ಸ್‌ವರೆಗೂ ಹರಡುತ್ತದೆ. ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿಗೆ ಕವಚವಿಲ್ಲದಿದ್ದರೆ ಅದೇ ಒಂದು ಆಂಟೆನಾ.

ಗದ್ದಲ ಸಂಕೇತದ ತಂತಿಯನ್ನು ನಾಲ್ಕು ದಾರಿಗಳಲ್ಲಿ ಹೊಗುತ್ತದೆ: ಒಂದೇ ವಿದ್ಯುತ್ ಸರಬರಾಜನ್ನೋ ಅರ್ಥನ್ನೋ ಹಂಚಿಕೊಂಡಾಗ ನೇರ ವಾಹಕತೆಯಿಂದ, ಪಕ್ಕಪಕ್ಕದ ತಂತಿಗಳ ನಡುವಿನ ಧಾರಕತೆಯಿಂದ, ಕಾಂತಕ್ಷೇತ್ರದ ಪ್ರೇರಣೆಯಿಂದ, ಇನ್ನು ದೂರದಿಂದಾದರೆ ವಿಕಿರಣವಾಗಿ. ಪಂಪ್‌ಹೌಸ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಥಿಂಗ್ ವ್ಯತ್ಯಾಸ. ಪಂಪು ನೀರೆತ್ತುವ ಬಾವಿಯಾದ ಜಾಕ್‌ವೆಲ್ಲಿನ ಅರ್ಥಿಗೂ ನೂರಾರು ಮೀಟರ್ ದೂರದ ತೊಟ್ಟಿಯ ಅರ್ಥಿಗೂ ವೋಲ್ಟೇಜು ಸಮವಾಗಿರುವುದಿಲ್ಲ. ಎರಡನ್ನೂ ಒಂದೇ ಸಂಕೇತದ ತಂತಿ ಬೆಸೆದರೆ ಆ ವ್ಯತ್ಯಾಸವೇ ತಂತಿಯೊಳಗೆ ಕರೆಂಟಾಗಿ ಹರಿಯುತ್ತದೆ. ಬಯಲಲ್ಲಿ ನಿಂತ ತೊಟ್ಟಿಯ ಹತ್ತಿರ ಸಿಡಿಲು ಬಡಿದಾಗ ಇದೇ ವ್ಯತ್ಯಾಸ ಉಪಕರಣವನ್ನೇ ಸುಡುವಷ್ಟಾಗುತ್ತದೆ.

ಸಂವೇದಕದ ಮೂಲ ಸಂಕೇತ ಎಷ್ಟು ಬಡವಾದದ್ದು ಎಂಬುದಕ್ಕೆ ಉಷ್ಣತೆ ಅಳೆಯುವ ಕೆ ವರ್ಗದ ಥರ್ಮೊಕಪಲ್ ಸಾಕ್ಷಿ. ಅದು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಕೊಡುವುದು ಸುಮಾರು 41 ಮೈಕ್ರೊವೋಲ್ಟ್ ಮಾತ್ರ. ತಂತಿಯಲ್ಲಿ ಒಂದೇ ಒಂದು ಮಿಲಿವೋಲ್ಟ್ ಗದ್ದಲ ಸೇರಿದರೂ ಅಳತೆ 24 ಡಿಗ್ರಿಯಷ್ಟು ತಪ್ಪಬಹುದು. ದೊಡ್ಡ ಮೋಟಾರಿನ ವೈಂಡಿಂಗಿನಲ್ಲಿ ಕೂರಿಸುವ ಪಿಟಿ-100 ಸಂವೇದಕದ ರೋಧ ಡಿಗ್ರಿಗೆ 0.385 ಓಮ್ ಬದಲಾಗುತ್ತದೆ. ಆದ್ದರಿಂದ ಇಂಥ ಸಂಕೇತವನ್ನು ದೂರಕ್ಕೆ ಹಾಗೆಯೇ ಒಯ್ಯದೆ, ಸಂವೇದಕದ ತಲೆಯಲ್ಲೇ ಒಂದು ಟ್ರಾನ್ಸ್‌ಮಿಟರ್ ಇಟ್ಟು ಗಟ್ಟಿ ಸಂಕೇತವಾಗಿ ಬದಲಿಸುತ್ತಾರೆ.

ರಚನೆ

ಪ್ರೋಟೊಕಾಲನ್ನು ಎರಡು ಸ್ತರಗಳಾಗಿ ನೋಡುವುದು ಅನುಕೂಲ. ಭೌತಿಕ ಸ್ತರದಲ್ಲಿ ತಂತಿ, ವೋಲ್ಟೇಜು, ಕರೆಂಟು, ಕನೆಕ್ಟರುಗಳಿರುತ್ತವೆ. ಅದರ ಮೇಲಿನ ದತ್ತಾಂಶ ಸ್ತರದಲ್ಲಿ ವಿಳಾಸ, ಚೌಕಟ್ಟು, ತಪಾಸಣೆಯ ಅಂಕೆ, ಮರುಪ್ರಯತ್ನದ ನಿಯಮಗಳಿರುತ್ತವೆ. ಆರ್‌ಎಸ್-485 ಭೌತಿಕ ಸ್ತರದ ಹೆಸರು, ಮೋಡ್‌ಬಸ್ ದತ್ತಾಂಶ ಸ್ತರದ್ದು. ಮಾರುಕಟ್ಟೆಯಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳುವ ರೂಢಿಯಿದೆ, ಹೀಗಾಗಿ ದೋಷ ಹುಡುಕುವವರು ದಾರಿ ತಪ್ಪುತ್ತಾರೆ. ಗದ್ದಲವನ್ನು ತಡೆಯುವುದು ಭೌತಿಕ ಸ್ತರ. ದತ್ತಾಂಶ ಸ್ತರ ಕೆಟ್ಟ ಸಂದೇಶವನ್ನು ಗುರುತಿಸಿ ಬಿಸಾಡಬಲ್ಲದು, ಒಳ್ಳೆಯ ಸಂದೇಶವನ್ನು ಹುಟ್ಟಿಸಲಾರದು. ತಂತಿ ಕೆಟ್ಟಿದ್ದರೆ ಎಷ್ಟೇ ಜಾಣ ತಪಾಸಣೆ ಇದ್ದರೂ ಪರದೆಯ ಮೇಲೆ ಕಾಣುವುದು ಸಂಪರ್ಕ ಕಡಿದುಹೋದ ಸೂಚನೆಯೇ.

ತಪಾಸಣೆಯ ಬಲ ಒಂದೇ ಸಮನಾಗಿಲ್ಲ. ಒಂದೇ ಬಿಟ್ಟಿನ ಪ್ಯಾರಿಟಿ ಅಡ್ಡಾದಿಡ್ಡಿ ತಪ್ಪುಗಳಲ್ಲಿ ಅರ್ಧವನ್ನಷ್ಟೇ ಹಿಡಿಯುತ್ತದೆ. ಮೋಡ್‌ಬಸ್ ಆರ್‌ಟಿಯು ಬಳಸುವ 16 ಬಿಟ್ಟಿನ ಆವರ್ತ ತಪಾಸಣೆಯನ್ನು ಕಣ್ತಪ್ಪಿಸಿ ಹೋಗುವುದು ಅಂಥ 65,536 ಕೆಟ್ಟ ಸಂದೇಶಗಳಲ್ಲಿ ಸರಾಸರಿ ಒಂದು.

ಪ್ರಕಾರಗಳು

ಕರೆಂಟ್ ಲೂಪ್: 4–20 ಮಿಲಿಆಂಪಿಯರ್ ಲೂಪಿನಲ್ಲಿ ಅಳತೆ ವೋಲ್ಟೇಜಿನಲ್ಲಲ್ಲ, ಕರೆಂಟಿನಲ್ಲಿದೆ. 10 ಮೀಟರ್ ಆಳದ ತೊಟ್ಟಿಗೆ ಹೊಂದಿಸಿದ ಟ್ರಾನ್ಸ್‌ಮಿಟರ್ ತೊಟ್ಟಿ ಬರಿದಾದಾಗ 4, ಐದು ಮೀಟರಿಗೆ 12, ತುಂಬಿದಾಗ 20 ಮಿಲಿಆಂಪಿಯರ್ ಹರಿಸುತ್ತದೆ. ತಂತಿ ಉದ್ದವಾದರೂ, ಜೋಡಣೆ ಸ್ವಲ್ಪ ತುಕ್ಕು ಹಿಡಿದರೂ ಸರಣಿ ಮಂಡಲದ ಎಲ್ಲೆಡೆ ಕರೆಂಟು ಒಂದೇ. ಸರಬರಾಜು 24 ವೋಲ್ಟ್ ಇದ್ದು, ಟ್ರಾನ್ಸ್‌ಮಿಟರಿಗೆ ಕನಿಷ್ಠ 12 ವೋಲ್ಟ್ ಬೇಕೆಂದು ಇಟ್ಟುಕೊಂಡರೆ, 20 ಮಿಲಿಆಂಪಿಯರಿನಲ್ಲಿ ಲೂಪ್ ಒಟ್ಟು 600 ಓಮ್ ರೋಧವನ್ನು ತಾಳುತ್ತದೆ. ಸ್ವೀಕರಿಸುವ ಕಡೆಯ 250 ಓಮ್ ಕಳೆದರೆ ತಂತಿಗೆ 350 ಓಮ್ ಉಳಿಯುತ್ತದೆ. 0.5 ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿಗೆ ಹೋಗಿಬರುವ ರೋಧ ಕಿಲೋಮೀಟರಿಗೆ ಸುಮಾರು 73 ಓಮ್, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಹುದು.

ತಂತಿ ಕಡಿದರೆ ಕರೆಂಟು ಸೊನ್ನೆಗಿಳಿಯುತ್ತದೆ, ಖಾಲಿ ತೊಟ್ಟಿಗೂ ಕಡಿದ ತಂತಿಗೂ ಗೊಂದಲವಾಗುವುದಿಲ್ಲ. ಸಂವೇದಕವೇ ಕೆಟ್ಟಾಗ 3.6 ಮಿಲಿಆಂಪಿಯರಿಗಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋಗಿ ನಿಲ್ಲಬೇಕೆಂದು ನಾಮುರ್ ಸಂಸ್ಥೆಯ ಎನ್‌ಇ-43 ಶಿಫಾರಸು ಹೇಳುತ್ತದೆ. ನೀರಿಲ್ಲದೆ ಪಂಪ್ ಓಡಿ ಸುಟ್ಟುಹೋಗುವುದನ್ನು ತಪ್ಪಿಸುವ ಕಡೆ ಈ ಗುಣಕ್ಕೆ ಸರಿಸಾಟಿ ಇನ್ನೊಂದಿಲ್ಲ. ಕೊರತೆಯೆಂದರೆ ಒಂದು ಜೋಡಿ ತಂತಿಗೆ ಒಂದೇ ಅಳತೆ.

ಹಾರ್ಟ್: 1980ರ ದಶಕದ ಮಧ್ಯದಲ್ಲಿ ರೋಸ್‌ಮೌಂಟ್ ಕಂಪನಿ ರೂಪಿಸಿದ ಈ ಪ್ರೋಟೊಕಾಲ್ ಅದೇ ಲೂಪಿನ ಮೇಲೆ 1,200 ಮತ್ತು 2,200 ಹರ್ಟ್ಸ್ ಸ್ವರಗಳನ್ನು ಹೇರಿ ಸೆಕೆಂಡಿಗೆ 1,200 ಬಿಟ್ ಸಾಗಿಸುತ್ತದೆ. ಮುಖ್ಯ ಅಳತೆ ಕರೆಂಟಿನಲ್ಲೇ ಇರುವುದರಿಂದ ಗದ್ದಲದಲ್ಲಿ ಹಾರ್ಟ್ ಸಂದೇಶ ಕಳೆದರೂ ನಿಯಂತ್ರಣ ನಿಲ್ಲುವುದಿಲ್ಲ.

ಆರ್‌ಎಸ್-485 ಮತ್ತು ಮೋಡ್‌ಬಸ್: ಆರ್‌ಎಸ್-485 ಒಂದೇ ಸಂಕೇತವನ್ನು ಎರಡು ತಿರುಚಿದ ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಕಳಿಸುತ್ತದೆ. ಗದ್ದಲ ಎರಡೂ ತಂತಿಗಳಿಗೆ ಬಹುಮಟ್ಟಿಗೆ ಸಮನಾಗಿ ತಟ್ಟುತ್ತದೆ. ಸ್ವೀಕರಿಸುವ ಚಿಪ್ ಎರಡರ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಗದ್ದಲ ಅಳಿದುಹೋಗುತ್ತದೆ. ಕಳಿಸುವ ಕಡೆ ಕನಿಷ್ಠ 1.5 ವೋಲ್ಟ್ ವ್ಯತ್ಯಾಸ ಕೊಡಬೇಕು, ಸ್ವೀಕರಿಸುವ ಕಡೆ 200 ಮಿಲಿವೋಲ್ಟ್ ಸಿಕ್ಕರೂ ಸಾಕು. ನಡುವಿನ ಅಂತರವೇ ಗದ್ದಲದ ವಿರುದ್ಧದ ಬಂಡವಾಳ. ಕಡಿಮೆ ವೇಗದಲ್ಲಿ 1,200 ಮೀಟರ್ ದೂರ ಹೋಗುತ್ತದೆ, ಒಂದು ಸಾಲಿನಲ್ಲಿ 32 ಪ್ರಮಾಣ ಹೊರೆಗಳನ್ನು ಹೊರುತ್ತದೆ.

ಆದರೆ ಎರಡೂ ತುದಿಯ ಅರ್ಥ್‌ಗಳ ನಡುವಿನ ವ್ಯತ್ಯಾಸ ಸೇರಿದಂತೆ ತಂತಿಗಳ ವೋಲ್ಟೇಜು −7ರಿಂದ +12 ವೋಲ್ಟ್ ಒಳಗೇ ಇರಬೇಕು. ಪಂಪ್‌ಹೌಸಿನಿಂದ ದೂರದ ತೊಟ್ಟಿಗೆ ಎಳೆದ ಸಾಲಿನಲ್ಲಿ ಈ ಮಿತಿ ಸುಲಭವಾಗಿ ಮೀರುತ್ತದೆ. ಅಲ್ಲಿ ಬೆಳಕಿನಿಂದ ಅಥವಾ ಕಾಂತೀಯವಾಗಿ ಸಂಕೇತ ದಾಟಿಸುವ ಪ್ರತ್ಯೇಕಕ ಇರುವ ಟ್ರಾನ್ಸ್‌ಸೀವರ್ ಅನಿವಾರ್ಯ. ಉಪಕರಣಗಳನ್ನು ಒಂದರಿಂದ ಇನ್ನೊಂದಕ್ಕೆ ಸರಪಳಿಯಾಗಿ ಜೋಡಿಸಿ, ಸಾಲಿನ ಎರಡು ಕೊನೆಗಳಲ್ಲಿ ಮಾತ್ರ 120 ಓಮ್ ರೋಧಕ ಹಾಕಬೇಕು. ಪ್ಯಾನಲ್ಲಿನಿಂದ ನಕ್ಷತ್ರದಂತೆ ಕವಲೊಡೆದ ಸಾಲುಗಳಲ್ಲಿ ಪ್ರತಿಫಲನದ ತೊಂದರೆ ತಪ್ಪಿದ್ದಲ್ಲ. ಎ ಮತ್ತು ಬಿ ಎಂಬ ತುದಿಗಳ ಗುರುತನ್ನು ಕೆಲವು ತಯಾರಕರು ಮಾನಕಕ್ಕೆ ತಿರುಗುಮುರುಗಾಗಿ ಮುದ್ರಿಸುವುದರಿಂದ ಹೊಸ ಉಪಕರಣ ಉತ್ತರಿಸದಿದ್ದಾಗ ಮೊದಲು ಆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡುವುದು ರೂಢಿ.

ಮೋಡ್‌ಬಸ್ ಆರ್‌ಟಿಯುನಲ್ಲಿ ಒಂದು ಯಜಮಾನ ಉಪಕರಣ ಕೇಳುತ್ತದೆ, 1ರಿಂದ 247ರವರೆಗಿನ ವಿಳಾಸವುಳ್ಳ ಉಪಕರಣಗಳಲ್ಲಿ ಕರೆಸಿಕೊಂಡದ್ದು ಮಾತ್ರ ಉತ್ತರಿಸುತ್ತದೆ. ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಹತ್ತು ರಿಜಿಸ್ಟರುಗಳನ್ನು ಓದಲು ಸುಮಾರು 50 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಇಪ್ಪತ್ತು ಉಪಕರಣಗಳನ್ನು ಒಂದು ಸುತ್ತು ವಿಚಾರಿಸಲು ಸುಮಾರು ಒಂದು ಸೆಕೆಂಡ್ ಸಾಕು. ಕೆರೆ ತುಂಬಿಸುವ ಕೆಲಸಕ್ಕೆ ಇದಕ್ಕಿಂತ ವೇಗ ದಂಡ.

ಕ್ಯಾನ್ ಬಸ್: ಇದೂ ವ್ಯತ್ಯಾಸ ಸಂಕೇತದ್ದೇ. 1993ರಿಂದ ಐಎಸ್‌ಒ 11898 ಮಾನಕದಲ್ಲಿದೆ. ತಪ್ಪು ಹಿಡಿಯಲು ಐದು ಬಗೆಯ ತಪಾಸಣೆಗಳಿವೆ. ಕೆಟ್ಟ ಸಂದೇಶವನ್ನು ಚಿಪ್ ತಾನೇ ಮರಳಿ ಕಳಿಸುತ್ತದೆ, ಪದೇಪದೇ ತಪ್ಪುವ ಉಪಕರಣ ತನ್ನನ್ನು ತಾನೇ ಸಾಲಿನಿಂದ ಹೊರಗಿಟ್ಟುಕೊಳ್ಳುತ್ತದೆ. ದತ್ತಾಂಶ ಸ್ತರದಲ್ಲಿ ಮೋಡ್‌ಬಸ್‌ಗಿಂತ ಇದು ಎಷ್ಟೋ ಮೇಲು. ಆದರೆ ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಸಿಗುವ ದೂರ 40 ಮೀಟರ್ ಮಾತ್ರ. ಡೀಸೆಲ್ ಜನರೇಟರ್, ಟ್ರ್ಯಾಕ್ಟರ್, ಕೊಯ್ಲು ಯಂತ್ರಗಳ ಒಳಗಿನ ಸಂವಹನ ಬಹುಮಟ್ಟಿಗೆ ಇದರದ್ದು.

ಪ್ರೊಫಿಬಸ್ ಮತ್ತು ಐಒ-ಲಿಂಕ್: ಪ್ರೊಫಿಬಸ್ ಡಿಪಿ ಆರ್‌ಎಸ್-485 ತಂತಿಯ ಮೇಲೆಯೇ ಸೆಕೆಂಡಿಗೆ 1.2 ಕೋಟಿ ಬಿಟ್‌ವರೆಗೆ ಓಡುತ್ತದೆ, ಆ ವೇಗದಲ್ಲಿ ದೂರ 100 ಮೀಟರಿಗಿಳಿಯುತ್ತದೆ. ಐಒ-ಲಿಂಕ್ 24 ವೋಲ್ಟಿನ ಸಂಕೇತವನ್ನು ಕವಚವಿಲ್ಲದ ಮೂರು ತಂತಿಗಳಲ್ಲಿ 20 ಮೀಟರ್‌ವರೆಗೆ ಒಯ್ಯುತ್ತದೆ. ಯಂತ್ರದ ಪಕ್ಕದಲ್ಲೇ ಇರುವ ಸಂವೇದಕಕ್ಕೆ ಇದು ಹೊಂದುತ್ತದೆ.

ಈಥರ್ನೆಟ್ ಮತ್ತು ಆಪ್ಟಿಕಲ್ ಫೈಬರ್: ತಾಮ್ರದ ಸಾಮಾನ್ಯ ಈಥರ್ನೆಟ್ ತಂತಿಗೆ 100 ಮೀಟರ್ ಮಿತಿ. 2019ರ ಐಇಇಇ 802.3ಸಿಜಿ ಮಾನಕ ಒಂದೇ ಜೋಡಿ ತಂತಿಯಲ್ಲಿ ಸೆಕೆಂಡಿಗೆ ಒಂದು ಕೋಟಿ ಬಿಟ್ಟನ್ನು 1,000 ಮೀಟರ್ ಒಯ್ಯಲು ದಾರಿ ಮಾಡಿತು. ಗಾಜಿನ ಎಳೆಯಲ್ಲಿ ಬೆಳಕು ಸಾಗುವ ಫೈಬರಿಗೆ ವಿದ್ಯುತ್ ಗದ್ದಲವೂ ಇಲ್ಲ, ಅರ್ಥಿಂಗ್ ವ್ಯತ್ಯಾಸವೂ ಇಲ್ಲ, ಸಿಡಿಲಿನ ಪ್ರೇರಣೆಯೂ ಇಲ್ಲ. ಬೇರೆ ಬೇರೆ ಟ್ರಾನ್ಸ್‌ಫಾರ್ಮರುಗಳಿಂದ ವಿದ್ಯುತ್ ಪಡೆಯುವ ಎರಡು ಕಟ್ಟಡಗಳ ನಡುವೆ ಮೊದಲ ಆಯ್ಕೆ ಅದೇ.

ನಿಸ್ತಂತು: ವೈರ್‌ಲೆಸ್‌ಹಾರ್ಟ್ 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಬದಲಿಸುತ್ತ, ಒಂದು ಉಪಕರಣದಿಂದ ಇನ್ನೊಂದಕ್ಕೆ ಹಾದು ಸಂದೇಶ ಸಾಗಿಸುತ್ತದೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪರವಾನಗಿಯಿಲ್ಲದೆ ಲೋರಾವಾನ್ ಎಂಬ ದೂರಗಾಮಿ ನಿಸ್ತಂತು ಜಾಲವನ್ನು ಬಳಸಬಹುದು. ಡ್ರೈವ್‌ಗಳ ಗದ್ದಲ ಈ ಆವರ್ತನಗಳಿಗೆ ಬರುವಷ್ಟರಲ್ಲಿ ಬಹಳ ಕುಗ್ಗಿರುತ್ತದೆ, ಇಲ್ಲಿನ ಅಡ್ಡಿಯೆಂದರೆ ತಗಡಿನ ಚಾವಣಿ, ಗುಡ್ಡ, ಬ್ಯಾಟರಿ. ಕೆರೆಯ ಮಟ್ಟ ತಿಳಿಸುವುದಕ್ಕೆ ಇದು ಸಾಕು, ಪಂಪನ್ನು ತಕ್ಷಣ ನಿಲ್ಲಿಸಬೇಕಾದ ಸುರಕ್ಷಾ ಸಂಕೇತಕ್ಕೆ ಸಲ್ಲದು.

ಸಲ್ಲದವು: ಐ-ಸ್ಕ್ವೇರ್ಡ್-ಸಿ ಮತ್ತು ಎಸ್‌ಪಿಐ ಒಂದೇ ಸರ್ಕ್ಯೂಟ್ ಬೋರ್ಡಿನ ಚಿಪ್ಪುಗಳಿಗಾಗಿ ಹುಟ್ಟಿದವು. 1982ರಲ್ಲಿ ಫಿಲಿಪ್ಸ್ ರೂಪಿಸಿದ ಐ-ಸ್ಕ್ವೇರ್ಡ್-ಸಿ ಸಾಲಿನ ಧಾರಕತೆ ಸಾಮಾನ್ಯವಾಗಿ 400 ಪಿಕೊಫ್ಯಾರಡ್ ಮೀರಕೂಡದು. ಅಗ್ಗದ ಕಿಟ್‌ಗಳಲ್ಲಿ ಇವನ್ನು ಮೀಟರುಗಟ್ಟಲೆ ಎಳೆದು ಮೋಟಾರಿನ ಪಕ್ಕ ಹಾಯಿಸುವುದುಂಟು. ಮೇಜಿನ ಮೇಲೆ ಸರಿಯಾಗಿದ್ದ ಸಂಪರ್ಕ ಸ್ಟಾರ್ಟರ್ ಒತ್ತಿದ ಕೂಡಲೇ ಸ್ತಬ್ಧವಾಗುವುದು ಇದರಿಂದಲೇ. ಎರಡೂ ಕಡೆ ಒಂದೇ ಅರ್ಥನ್ನು ನೆಚ್ಚುವ ಆರ್‌ಎಸ್-232 ಕೂಡ ಪ್ಯಾನಲ್ಲಿನ ಒಳಗೆ ಮಾತ್ರ ಸರಿ.

ತಂತಿ, ಕವಚ, ಅರ್ಥಿಂಗ್

ಸಂಕೇತದ ತಂತಿಯನ್ನು ಪವರ್ ಕೇಬಲ್ಲಿನಿಂದ ಕನಿಷ್ಠ 20ರಿಂದ 30 ಸೆಂಟಿಮೀಟರ್ ದೂರದ ಬೇರೆ ಟ್ರೇಯಲ್ಲಿ ಎಳೆಯುವುದು, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸುವುದು ಸಾಮಾನ್ಯ ಕ್ರಮ. 4–20 ಲೂಪಿನಂಥ ನಿಧಾನ ಸಂಕೇತದ ಕವಚವನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡುತ್ತಾರೆ, ಇಲ್ಲವಾದರೆ ಕವಚದಲ್ಲೇ 50 ಹರ್ಟ್ಸ್ ಕರೆಂಟು ಹರಿಯುತ್ತದೆ. ಡ್ರೈವಿನಿಂದ ಮೋಟಾರಿಗೆ ಹೋಗುವ ಪವರ್ ಕೇಬಲ್ಲಿನ ಕವಚವನ್ನಾದರೋ ಎರಡೂ ತುದಿಗಳಲ್ಲಿ ಸುತ್ತಲೂ ಹಿಡಿದು ಅರ್ಥ್ ಮಾಡಬೇಕು. ಕಂಟ್ಯಾಕ್ಟರ್ ಸುರುಳಿಗೆ ಅಡ್ಡಲಾಗಿ ರೋಧಕ-ಧಾರಕದ ಸ್ನಬ್ಬರ್ ಹಾಕಿದರೆ ಗದ್ದಲ ಹುಟ್ಟುವಲ್ಲೇ ತಗ್ಗುತ್ತದೆ. ಹೊರಗಿನಿಂದ ಬರುವ ಪ್ರತಿ ಜೋಡಿಗೂ ಪ್ಯಾನಲ್ಲಿನ ಬಾಗಿಲಲ್ಲೇ ಸರ್ಜ್ ರಕ್ಷಕ ಬೇಕು. ಒಣಹವೆಯ ಜಗಳೂರಿನಂಥ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥ್ ಗುಂಡಿಯ ರೋಧ ಏರುವುದರಿಂದ ಮಳೆಗಾಲದಲ್ಲಿ ಅಳೆದ ಅಂಕಿಯನ್ನು ನೆಚ್ಚುವಂತಿಲ್ಲ.

ಉಪಕರಣ ಎಷ್ಟು ಗದ್ದಲ ತಾಳುತ್ತದೆ ಎಂಬುದನ್ನು ಐಇಸಿ 61000 ಸರಣಿಯ ಪರೀಕ್ಷೆಗಳು ತೋರಿಸುತ್ತವೆ. 4-4 ಭಾಗ ಕಂಟ್ಯಾಕ್ಟರ್ ಬಗೆಯ ಕ್ಷಿಪ್ರ ಸಿಡಿತಗಳಿಗೆ, 4-5 ಸಿಡಿಲಿನಂಥ ಸರ್ಜ್‌ಗೆ, 6-2 ಒಟ್ಟಾರೆ ಕೈಗಾರಿಕಾ ಪರಿಸರಕ್ಕೆ ಸಂಬಂಧಿಸಿದೆ. ಖರೀದಿಯ ಟೆಂಡರಿನಲ್ಲಿ ಪ್ರೋಟೊಕಾಲಿನ ಹೆಸರಿನ ಜೊತೆಗೆ ಈ ಸಂಖ್ಯೆಗಳೂ ಇರಬೇಕಾದದ್ದು ಅಗತ್ಯ, ಏಕೆಂದರೆ ಮೋಡ್‌ಬಸ್ ಎಂಬ ಪದ ಗದ್ದಲ ತಾಳುವ ಶಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆಯ್ಕೆಯ ಕ್ರಮ

ಮೊದಲ ಪ್ರಶ್ನೆ ತಂತಿಯನ್ನೇ ತಪ್ಪಿಸಬಹುದೇ ಎಂಬುದು. ಕೊಳವೆಬಾವಿ ಬತ್ತಿದ್ದನ್ನು ತಿಳಿಯಲು ನೂರಾರು ಅಡಿ ಆಳಕ್ಕೆ ಸಂವೇದಕ ಇಳಿಬಿಡಬೇಕಿಲ್ಲ. ನೀರಿಲ್ಲದಾಗ ಮೋಟಾರ್ ಎಳೆಯುವ ಕರೆಂಟು ಇಳಿಯುತ್ತದೆ, ಅದನ್ನು ಪ್ಯಾನಲ್ಲಿನಲ್ಲಿರುವ ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದಲೇ ಕಂಡುಕೊಳ್ಳಬಹುದು. ತಂತಿ ಬೇಕೇ ಬೇಕೆಂದಾದರೆ ಕೆಲಸಕ್ಕೆ ಸಾಲುವಷ್ಟೇ ವೇಗವನ್ನು ಆರಿಸುವುದು ವಿಹಿತ. ಬಿಟ್ಟೊಂದರ ಕಾಲ ಹಿಗ್ಗಿದಷ್ಟೂ ಮೈಕ್ರೊಸೆಕೆಂಡಿನ ಸಿಡಿತ ಅದನ್ನು ಕೆಡಿಸುವ ಸಂಭವ ಕುಗ್ಗುತ್ತದೆ.

ಒಂದು ಮಾದರಿ ಪಂಪ್‌ಹೌಸಿಗೆ ಇದನ್ನು ಅನ್ವಯಿಸಿದರೆ ಪಂಪನ್ನು ನಿಲ್ಲಿಸುವ ಅಧಿಕಾರವುಳ್ಳ ಜಾಕ್‌ವೆಲ್ ಮಟ್ಟ ಮತ್ತು ಡೆಲಿವರಿ ಒತ್ತಡಕ್ಕೆ ತಲಾ ಒಂದು 4–20 ಲೂಪ್ ಬೀಳುತ್ತದೆ. ವೈಂಡಿಂಗ್ ಮತ್ತು ಬೇರಿಂಗ್ ಉಷ್ಣತೆ, ಎನರ್ಜಿ ಮೀಟರು, ಡ್ರೈವಿನ ಸ್ಥಿತಿ ಇವೆಲ್ಲ ಪ್ರತ್ಯೇಕಕವಿರುವ ಆರ್‌ಎಸ್-485 ಮೋಡ್‌ಬಸ್ ಸಾಲಿಗೆ ಸೇರುತ್ತವೆ. ಮುಂದಿನ ಪಂಪ್‌ಹೌಸಿಗೆ ಪೈಪ್‌ಲೈನಿನ ಜೊತೆ ಹೂತ ಫೈಬರ್, ದೂರದ ಕೆರೆಗಳಿಗೆ ಮೊಬೈಲ್ ಜಾಲ ಅಥವಾ ಲೋರಾವಾನ್. ಅಕ್ಕಿ ಗಿರಣಿಯಲ್ಲಿ ಎಲಿವೇಟರು, ಡ್ರೈಯರು, ಬಾಯ್ಲರುಗಳು ಒಂದೇ ಚಾವಣಿಯಡಿ ಇರುವುದರಿಂದ ಮೋಡ್‌ಬಸ್ ಸಾಲೊಂದೇ ಬಹುತೇಕ ಸಾಲುತ್ತದೆ. ಹೊಟ್ಟು, ತೌಡಿನ ಧೂಳು ಕನೆಕ್ಟರುಗಳಿಗೆ ಹೊಗದಂತೆ ಮುಚ್ಚಿದ ಪೆಟ್ಟಿಗೆ ಮಾತ್ರ ಬೇಕು.

ಇಂದಿನ ಸ್ಥಿತಿ

ಕರ್ನಾಟಕದ ನೀರಾವರಿಯಲ್ಲಿ ದೂರ ಮೇಲ್ವಿಚಾರಣೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕೃಷ್ಣಾ ಕಣಿವೆಯಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣದಲ್ಲಿ ತೂಬಿನ ಗೇಟುಗಳನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಗೆ ಜೋಡಿಸಲಾಯಿತು, ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಪರೀಕ್ಷಾ ಸೌಲಭ್ಯದ ವಿಷಯದಲ್ಲಿ 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ರಾಜ್ಯದ ಮುಖ್ಯ ನೆಲೆ.

ಹೊಸ ಸಂವೇದಕಗಳಲ್ಲಿ 4–20 ಮತ್ತು ಹಾರ್ಟ್ ಒಟ್ಟಿಗೆ ಬರುವುದು ಸಾಮಾನ್ಯವಾಗಿದೆ. ಎನರ್ಜಿ ಮೀಟರು ಮತ್ತು ವಿಎಫ್‌ಡಿಗಳಲ್ಲಿ ಮೋಡ್‌ಬಸ್ ಆರ್‌ಟಿಯು ಬಹುತೇಕ ಪೂರ್ವನಿಯೋಜಿತ. ಒಂದೇ ಜೋಡಿ ತಂತಿಯ ಈಥರ್ನೆಟ್ಟನ್ನು ರಾಸಾಯನಿಕ, ತೈಲ ಘಟಕಗಳಿಗೆ ಹೊಂದಿಸಿದ ಈಥರ್ನೆಟ್-ಎಪಿಎಲ್ 2021ರಲ್ಲಿ ಹೊರಬಂತು. ಜಗಳೂರನ್ನೂ ಒಳಗೊಂಡ ಭದ್ರಾ ಮೇಲ್ದಂಡೆ ಯೋಜನೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಒದಗಿಸುವಂತೆ ರೂಪುಗೊಂಡಿದೆ. ಕಾಲುವೆಯ ಗೇಟಿನ ಬದಲು ಹೊಲದ ನಡುವಿನ ವಾಲ್ವು, ಒತ್ತಡದ ಸಂವೇದಕಗಳು ಅಂಥ ವ್ಯವಸ್ಥೆಯ ಅಂಗ. ಅಲ್ಲಿ ತಂತಿಗಿಂತ ಸೌರಫಲಕದಿಂದ ನಡೆಯುವ ನಿಸ್ತಂತು ಘಟಕವೇ ಹೊಂದುವುದರಿಂದ, ಗದ್ದಲದ ಸಮಸ್ಯೆ ಪಂಪ್‌ಹೌಸಿನ ಗೋಡೆಯೊಳಗೇ ಉಳಿದು, ಬಯಲಿನಲ್ಲಿ ಸಿಡಿಲು ಮತ್ತು ಬ್ಯಾಟರಿಯ ಆಯುಸ್ಸು ಆಯ್ಕೆಯನ್ನು ನಿರ್ಧರಿಸುತ್ತವೆ.